ಹಾಜರಿ ಪುಸ್ತಕದಲ್ಲಿ ಹುಣ್ಣಿಮೆ

ನಾನು ಒಣನೆಲದವನು. ದೊಡೋಮಾದಿಂದಾಚೆ
ಆನೆಹುಣಸೆ ಮರಗಳ ಊರು.
ಅಲ್ಲಿ ಸಮುದ್ರವೆಂದರೆ ಗೋಡೆಯ ನಕಾಶೆಯಲ್ಲಿ
ಬಿಸಿಲಿಗೆ ಮಾಸಿದ ನೀಲಿ;
ಬೆರಳಿಟ್ಟು ತೋರಿಸಿ, ಬೆರಳು ಒರೆಸಿಕೊಳ್ಳದೆ
ಮುಂದಿನ ಪಾಠಕ್ಕೆ ಹೋಗಬಹುದಾದ ನೀರು.

ವರ್ಗವಾದದ್ದು ಮಾಫಿಯಾಕ್ಕೆ.
ನಗಬೇಡಿ, ದ್ವೀಪದ ಹೆಸರೇ ಅದು.
ಅದರ ಮಗ್ಗುಲಿಗೊಂದು ನಡುಗಡ್ಡೆ,
ಹವಳದ ಕಲ್ಲಿನ ಶಾಲೆ, ತಗಡಿನ ಸೂರು,
ಐದನೇ ತರಗತಿಯಲ್ಲಿ ಮೂವತ್ತೊಂದು ಮಕ್ಕಳು.
ಹಾಯಿದೋಣಿಯಿಂದ ಇಳಿದ ಹೊಸ ಮೇಷ್ಟ್ರು
ವಾಂತಿ ಮಾಡಿಕೊಂಡೇ ಊರಿಗೆ ಪರಿಚಯವಾದ.

ಇಲಾಖೆಯಿಂದೊಂದು ಪೆಟ್ಟಿಗೆ ಬಂತು:
‘ಸಾಗರ ಸಾಕ್ಷರತೆ, ಪ್ರಾಥಮಿಕ ವಿಭಾಗ’.
ಒಳಗೆ ಉಷ್ಣಮಾಪಕ, ತಿಮಿಂಗಿಲದ ಪಟ,
ಮಂಜುಗಡ್ಡೆಯ ಮೇಲೆ ಕೂತ ಬಿಳಿ ಕರಡಿ,
ನನಗೊಂದು ಕೈಪಿಡಿ. ಮೊದಲ ಸಾಲು:
ಮಕ್ಕಳಿಗೆ ಸಮುದ್ರವನ್ನು ಪರಿಚಯಿಸಿ.

ಪರಿಚಯಿಸಿದೆ. ಸಮುದ್ರದ ಬಣ್ಣ ಯಾವುದು?
ಯಾರೂ ಹೇಳಲಿಲ್ಲ. ನೀಲಿ, ಎಂದು ನಾನೇ ಬರೆದೆ.
‘ಎಷ್ಟು ಹೊತ್ತಿಂದು, ಮೇಷ್ಟ್ರೇ?’ ಎಂದ ಕೊಂಬೊ.
ಅಧಿಕಪ್ರಸಂಗ ಎಂದುಕೊಂಡೆ.

ಆಮೇಲೆ ಹಾಜರಿಯ ಗೋಳು.
ಹದಿನೈದು ದಿನಕ್ಕೊಮ್ಮೆ ಬೆಂಚು ಬರಿದಾಗುತ್ತಿತ್ತು.
ಇಂದು ಆರು, ನಾಳೆ ಹದಿಮೂರು, ನಾಡಿದ್ದು ಹತ್ತೊಂಬತ್ತು,
ಮತ್ತೆ ಹದಿಮೂರು, ಆರು, ಸೊನ್ನೆ.
ಹೋದ ಹಾಗೇ ಬಂದು ಕೂರುತ್ತಿದ್ದರು,
ಬೆರಳ ಸಂದಿಯಲ್ಲಿ ಉಪ್ಪು, ಮಂಡಿಯ ಮೇಲೆ ಗೀರು.
ಕೆಂಪು ಶಾಯಿಯಲ್ಲಿ ಗೈರು, ಗೈರು, ಗೈರು.
ಮನೆಮನೆಗೆ ಚೀಟಿ ಕಳಿಸಿದೆ.
ಮ್ವನಹಾವಳನ್ನು ಒಂದಿಡೀ ಪಿರಿಯಡ್ಡು ನಿಲ್ಲಿಸಿದೆ.
ನಿಂತಳು, ಕಿಟಕಿಯಾಚೆ ನೋಡುತ್ತ,
ಬಸ್ಸು ತಪ್ಪಿದವರ ಮುಖ ಹೊತ್ತು.

ತಪಾಸಣೆಯ ಹಿಂದಿನ ರಾತ್ರಿ
ಮೂರು ತಿಂಗಳ ಪುಟ ಹರಡಿಕೊಂಡು ಕೂತೆ.
ಸೋಲಾರ್ ದೀಪ ಮಂಕಾಗುತ್ತಿತ್ತು.
ಕೆಂಪು ಗುರುತುಗಳು ಏರಿದವು, ಇಳಿದವು, ಏರಿದವು.
ಮಸೀದಿಯವರು ಕೊಟ್ಟ ಕ್ಯಾಲೆಂಡರು
ಮೊಳೆಯಿಂದ ಇಳಿಸಿ ಪಕ್ಕಕ್ಕಿಟ್ಟೆ.
ಪ್ರತಿ ಹತ್ತೊಂಬತ್ತೂ ಹುಣ್ಣಿಮೆಯ ಮಾರನೆಗೆ,
ಇಲ್ಲವೇ ಅಮಾವಾಸ್ಯೆಯ ಮಾರನೆಗೆ.
ಅಷ್ಟು ದಿನವೂ ನಾನು ಬರೆದದ್ದು
ಉಬ್ಬರ ಇಳಿತದ ಲೆಕ್ಕ,
ಶಿಕ್ಷೆ ಎಂದುಕೊಂಡು.

ಬೆಳಿಗ್ಗೆ ಅಧಿಕಾರಿಯ ದೋಣಿ ದಡಕ್ಕೆ ಬರಲಿಲ್ಲ.
ಬರಲು ನೀರೇ ಇರಲಿಲ್ಲ.
ದೂರ, ಬಂಡೆಸಾಲಿನವರೆಗೂ ಹಿಂದೆ ಸರಿದಿತ್ತು.
ಹೊಳೆವ ಮರಳು, ಗೂಟಗಳು, ಗೂಟದಿಂದ ಗೂಟಕ್ಕೆ ಹಗ್ಗ,
ಹಗ್ಗದುದ್ದ ಕಡಲಪಾಚಿಯ ಗೊಂಚಲು,
ಬಗ್ಗಿದ ಬೆನ್ನುಗಳು. ನನ್ನ ಹತ್ತೊಂಬತ್ತು ಮಂದಿ.
ಉಳಿದ ಹನ್ನೆರಡು ಮಕ್ಕಳ ಹಿಂದೆ
ಪ್ಯಾಂಟು ಮಡಚಿಕೊಂಡು ನಾನೂ ಇಳಿದೆ.
‘ಅಲ್ಲಿ ಕಾಲಿಡಬೇಡಿ, ಮುಳ್ಳಿದೆ; ಇಲ್ಲಿ ಇಡಬೇಡಿ, ಜೀವವಿದೆ’
ಎಂದು ಕೈಹಿಡಿದು ನಡೆಸಿದ ಕೊಂಬೊ.

ಮ್ವನಹಾವಳ ಅಜ್ಜಿ, ಬೀ ಕಿದಾವ, ತಲೆಯೆತ್ತಲಿಲ್ಲ.
‘ಚೀಟಿಯ ಮೇಷ್ಟ್ರು ನೀನೇನಾ?
ಓದು ಬಾರದು ನನಗೆ. ಅದರಲ್ಲಿ ಮೆಣಸು ಕಟ್ಟಿಟ್ಟೆ.’
ಒಂದು ಹಗ್ಗ ಎತ್ತಿ ಹಿಡಿದಳು: ತುದಿಯ ಪಾಚಿ
ಅಗುಳಿನಂತೆ ಬೆಳ್ಳಗೆ, ಮುಟ್ಟಿದರೆ ಕಳಚುತ್ತಿತ್ತು.
‘ನೀರು ಕಾಯ್ತಾ ಇದೆ. ನನ್ನ ಕಾಲಿಗೆ ಗೊತ್ತು.
ಕಾಲಿನ ಮಾತನ್ನು ಕಚೇರಿಯಲ್ಲಿ ಕೇಳುವವರಿಲ್ಲ.’

ಮ್ವನಹಾವ ಓಡಿದಳು. ಶಾಲೆಯ ಕಡೆಗೆ
ಯಾರಾದರೂ ಹಾಗೆ ಓಡಿದ್ದನ್ನು
ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.
ಪೆಟ್ಟಿಗೆಯ ಉಷ್ಣಮಾಪಕ ತಂದು
ಅಜ್ಜಿಯ ಪಾದದ ಪಕ್ಕದಲ್ಲಿ ಅದ್ದಿದಳು.
ಉಸಿರು ಬಿಗಿಹಿಡಿದು ಕಾದೆವು.
ಮೂವತ್ತಮೂರೂವರೆ.
ಕಾಗದವಿಲ್ಲ; ಕೊಂಬೊ ಅಂಗೈಯಲ್ಲಿ ಬರೆದುಕೊಂಡ.

ಈಗ ತಿಂಗಳಿಗೆರಡು ಸಲ ಗಣಿತ ಮಧ್ಯಾಹ್ನಕ್ಕೆ.
ಬಿಳಿ ಕರಡಿ ಇನ್ನೂ ಗೋಡೆಯ ಮೇಲಿದೆ,
ಅದಕ್ಕೂ ಸೆಖೆ, ಪಾಪ, ಅನ್ನುತ್ತಾರೆ ಮಕ್ಕಳು.
ನನಗೆ ದೋಣಿಯೆಂದರೆ ಹೊಟ್ಟೆ ತೊಳಸುವುದು ನಿಂತಿಲ್ಲ.

ಅವತ್ತು ನೀರು ಮರಳಿ ಏರತೊಡಗಿದಾಗ
ಒದ್ದೆ ಕೈಯಲ್ಲೇ ಹಾಜರಿ ಕರೆದೆ:
ಮೂವತ್ತೊಂದಕ್ಕೆ ಮೂವತ್ತೊಂದು.
ಪುಸ್ತಕವನ್ನು ನನ್ನ ಕೈಯಿಂದ ಇಸಿದುಕೊಂಡು
ಮೇಷ್ಟ್ರ ಹೆಸರಿನ ಮುಂದೆ
ಕೊಂಬೊ ಕೆಂಪಿನಲ್ಲಿ ಬರೆದ:
ತಡವಾಗಿ ಬಂದರು.